ಏಳು ಗಂಟೆಗೆ ಬಾರದ ಹಸಿರು ದೀಪ

ಕಬ್ಬಿಣ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ, ಎಣ್ಣೆ ಹುಡುಕುತ್ತದೆ. ಗೇಟಿನ ಬಿಜಾಗರಿ, ಬಾವಿಯ ರಾಟೆ, ಬೀಗ, ಸೈಕಲ್ ಚೈನು, ಕೊಡೆಯ ಕಡ್ಡಿ, ಒಂದನ್ನೂ ಬಿಟ್ಟವನಲ್ಲ. "ಇವರನ್ನು ಹೀಗೇ ಬಿಟ್ಟರೆ ಒಗ್ಗರಣೆಗೆ ಎಣ್ಣೆ ಉಳಿಯುವುದಿಲ್ಲ" ಎಂದು ನನ್ನ ಹೆಂಡತಿ ಮನೆಗೆ ಬಂದವರ ಮುಂದೆಲ್ಲ ದೂರುತ್ತಾಳೆ. ಇದು ಹುಟ್ಟುಗುಣವಲ್ಲ. ಗಲ್ಫಿನಲ್ಲಿ ಇಪ್ಪತ್ತಾರು ವರ್ಷ ನಾನು ಬಂದರಿನ ಪಕ್ಕದ ಒಂದು ಗೋದಾಮಿನಲ್ಲಿ ಸ್ಟೋರ್ ಕೀಪರ್ ಆಗಿದ್ದೆ. ಯಂತ್ರಗಳ ಬಿಡಿಭಾಗಗಳ ಗೋದಾಮು ಅದು. ಕಪಾಟಿಗೆ ಏರುವ ಮೊದಲು ಪ್ರತಿ ತುಂಡಿಗೂ ಎಣ್ಣೆ ಸವರಬೇಕು, ಇಲ್ಲದಿದ್ದರೆ ಕಡಲಿನ ಗಾಳಿ ತಿಂದುಹಾಕುತ್ತದೆ. ತಮಾಷೆಯೆಂದರೆ, ಅಲ್ಲಿ ನಾವು ಎಂಟು ಮಂದಿ ಮಲಗುತ್ತಿದ್ದ ಕೋಣೆಯ ಬಾಗಿಲು ಅಷ್ಟೂ ವರ್ಷ ಕಿರುಗುಟ್ಟುತ್ತಲೇ ಇತ್ತು. ಅದಕ್ಕೆ ಒಬ್ಬನೂ ಒಂದು ಹನಿ ಬಿಡಲಿಲ್ಲ. ಬಿಟ್ಟುಹೋಗುವ ಜಾಗಕ್ಕೆ ಯಾರು ಎಣ್ಣೆ ಹಾಕುತ್ತಾರೆ?

ಊರಿಗೆ ಬಂದು ಒಂಬತ್ತು ವರ್ಷವಾಯಿತು. ನಮ್ಮ ಮನೆ ಕಾಪುವಿನಲ್ಲಿ, ಹೆದ್ದಾರಿಗೂ ಕಡಲಿಗೂ ನಡುವೆ. ಇಲ್ಲಿ ಹೊಸ ಬೀಗ ತಂದರೆ ಎರಡನೆಯ ಮಳೆಗಾಲಕ್ಕೆ ಕೀಲಿ ತಿರುಗುವುದಿಲ್ಲ. ಹಾಗಾಗಿ ನನ್ನ ಕೈಗೆ ಕೆಲಸ ತಪ್ಪಲಿಲ್ಲ. ಎಣ್ಣೆ ಮಾತ್ರ ಬದಲಾಯಿತು, ಡಬ್ಬದ ಎಣ್ಣೆಯ ಬದಲು ಮನೆಯ ತೆಂಗಿನೆಣ್ಣೆ. ನನ್ನ ಅಮ್ಮ ಬೀಗಗಳಿಗೆ ಎಣ್ಣೆ ಬಿಡುತ್ತಿದ್ದದ್ದು ಕೋಳಿಯ ಪುಕ್ಕದಿಂದ. ಸಣ್ಣ ತೂತಿಗೂ ಅದು ಹೋಗುತ್ತದೆ, ಬೇಕಾದಷ್ಟೇ ಎಣ್ಣೆ ಹಿಡಿಯುತ್ತದೆ. ನಾನೂ ಒಂದು ಪುಕ್ಕವನ್ನು ಎಣ್ಣೆ ಬಾಟ್ಲಿಯ ಪಕ್ಕ ಗೋಡೆಗೆ ಸಿಕ್ಕಿಸಿಟ್ಟಿದ್ದೇನೆ.

ಮಗಳು ಬಂದದ್ದು ಮಳೆ ಕಡಿಮೆಯಾಗುತ್ತಿದ್ದ ಸಮಯದಲ್ಲಿ, ಒಂದು ಸಂಜೆ. ಅವಳನ್ನು ಕಾರ್ಕಳದ ಕಡೆ ಕೊಟ್ಟು ನಾಲ್ಕು ವರ್ಷವಾಗಿತ್ತು. ಒಂದೇ ಚೀಲ ಹಿಡಿದು, ಉಡುಪಿಯಲ್ಲಿ ಬಸ್ಸು ಬದಲಾಯಿಸಿ ಬಂದಿದ್ದಳು. ಹಿರಿಯಡ್ಕದಲ್ಲಿ ಬಸ್ಸು ಸ್ವಲ್ಪ ಹೊತ್ತು ನಿಂತಾಗ ಇಳಿದು ಹಿಂದೆ ಹೋಗೋಣವೇ ಎಂದು ಅನಿಸಿತ್ತಂತೆ. ಇದನ್ನು ಅವಳು ತಾಯಿಗೆ ಹೇಳಿದ್ದು, ನನಗಲ್ಲ. ಅಲ್ಲಿ ಯಾರೂ ಅವಳ ಮೇಲೆ ಕೈ ಮಾಡಿರಲಿಲ್ಲ. ಉಪವಾಸ ಹಾಕಿರಲಿಲ್ಲ. ನಾಲ್ಕು ವರ್ಷ ಅವಳು ಏನು ಹೇಳಿದರೂ ಆ ಮನೆಯಲ್ಲಿ ಕೇಳುವವರಿರಲಿಲ್ಲ, ಅಷ್ಟೇ. ಅದೂ ಒಂದು ಕಾರಣವಾಗುತ್ತದೆಯೇ ಎಂದು ಮೊದಲ ಎರಡು ದಿನ ನನಗೇ ಅನಿಸಿತ್ತು. ಸುಳ್ಳು ಯಾಕೆ ಬರೆಯಲಿ?

ಅವಳ ಹಳೆಯ ಕೋಣೆ ನಾಲ್ಕು ವರ್ಷ ಮುಚ್ಚಿಯೇ ಇತ್ತು. ಕಿಟಕಿಯ ಬಿಜಾಗರಿ ತುಕ್ಕು ಹಿಡಿದು, ತೆರೆದರೆ ಹಂದಿ ಕಿರುಚಿದ ಹಾಗೆ ಕೇಳುತ್ತಿತ್ತು. ಮಾರನೆಯ ದಿನವೇ ನಾನು ಬಾಟ್ಲಿ, ಪುಕ್ಕ ಹಿಡಿದು ಹೋದೆ.

"ಬೇಡ ಪಪ್ಪ," ಎಂದಳು. "ನಾಲ್ಕು ದಿನ ಇರುವವಳಿಗೆ ಎಂತಕ್ಕೆ ಅದೆಲ್ಲ?"

ನನಗೆ ಸಿಟ್ಟು ಬಂತು. ಸಿಟ್ಟು ಬಂದರೆ ನಾನು ಮಾತಾಡುವುದಿಲ್ಲ, ಹೊರಗೆ ಹೋಗಿ ಗೇಟಿಗೆ ಎಣ್ಣೆ ಹಾಕುತ್ತೇನೆ. ಆ ದಿನವೂ ಹಾಗೇ ಮಾಡಿದೆ. ಕಿಟಕಿ ಮಾತ್ರ ಪ್ರತಿ ಬೆಳಿಗ್ಗೆ ಕಿರುಚುತ್ತಲೇ ಇತ್ತು.

ತಿಂಗಳು ಕಳೆದ ಮೇಲೆ ಅವಳ ಗಂಡನ ಸೋದರಮಾವ ಬಂದರು. ಹಿರಿಯರು, ಮೆದು ಮಾತಿನವರು. "ಹೆಣ್ಣುಮಕ್ಕಳಿಗೆ ಸಿಟ್ಟು ಬರ್ತದೆ, ಹೋಗ್ತದೆ. ನೀವು ನಾಲ್ಕು ಬುದ್ಧಿಯ ಮಾತು ಹೇಳಿ ಕಳಿಸಿಕೊಡಬೇಕು" ಎಂದರು. ನಾನು "ನೋಡುವ" ಎಂದೆ. ನಮ್ಮ ಊರಿನಲ್ಲಿ ಎದುರಿಗೆ ಕುಳಿತವರಿಗೆ ಇಲ್ಲ ಎನ್ನುವ ಕ್ರಮವಿಲ್ಲ. ಜಾಗ ಕೇಳಲು ಬಂದವರಿಗೆ, ಹುಡುಗಿ ಕೇಳಲು ಬಂದವರಿಗೆ, ಸಂಘದ ಅಧ್ಯಕ್ಷನಾಗು ಎಂದವರಿಗೆ, ಎಲ್ಲರಿಗೂ ಒಂದೇ ಉತ್ತರ, ನೋಡುವ. ಕೇಳಿದವರಿಗೂ ಅದು ಇಲ್ಲ ಎಂದು ಅರ್ಥವಾಗುತ್ತದೆ, ಆಗದಿದ್ದವರು ಮತ್ತೆ ಬರುತ್ತಾರೆ. ಆದರೆ ಒಳಗಿನ ಬಾಗಿಲಿನ ಹಿಂದೆ ಮಗಳು ನಿಂತಿದ್ದಳು. ಅಪ್ಪನ ಬಾಯಿಯಿಂದ ಇಲ್ಲ ಎಂಬ ಒಂದು ಶಬ್ದ ಬರಲಿ ಎಂದು ಕಾಯುತ್ತಿದ್ದಳು ಎಂಬುದು ನನಗೆ ಹೊಳೆಯಲಿಲ್ಲ. ಆ ದಿನದಿಂದ ಅವಳು ನನ್ನೊಡನೆ ಊಟ, ತಿಂಡಿ, ಮದ್ದು, ಇಷ್ಟರ ಬಗ್ಗೆ ಮಾತ್ರ ಮಾತಾಡತೊಡಗಿದಳು.

ನವೆಂಬರಿನಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಆಸ್ಪತ್ರೆಯ ದಾಖಲೆಗಳನ್ನು ಓದಿ, ಪ್ರತಿ ಕಾಯಿಲೆಗೂ ಚಿಕಿತ್ಸೆಗೂ ಗೊತ್ತುಮಾಡಿದ ಸಂಖ್ಯೆ ಬರೆಯುವ ಕೆಲಸ. ಕಂಪೆನಿಯ ಕಚೇರಿ ಮಣಿಪಾಲದಲ್ಲಿದ್ದರೂ ಅಲ್ಲಿ ಕುರ್ಚಿ ಖಾಲಿ ಇಲ್ಲ. ಅವಳನ್ನು ತೆಗೆದುಕೊಂಡದ್ದೇ ಮನೆಯಿಂದ ಮಾಡುವ ಜಾಗಕ್ಕೆ. ಮೂರು ತಿಂಗಳು ಪರೀಕ್ಷೆ, ಸರಿಯಾದರೆ ಕಾಯಂ. ಬೆಳಿಗ್ಗೆ ಏಳಕ್ಕೆ ಸರಿಯಾಗಿ ಕೂರಬೇಕು. ರೋಗಿಗಳ ಗುಟ್ಟಿನ ವಿಷಯವಾದ್ದರಿಂದ ವೈಫೈ ಆಗದು, ಇಂಟರ್ನೆಟ್ ವಯರಿನಲ್ಲೇ ಬರಬೇಕು. ವಯರ್ ಸಿಕ್ಕಿಸದಿದ್ದರೆ ಅವರ ಲ್ಯಾಪ್‌ಟಾಪಿನಲ್ಲಿ ಕೆಲಸದ ಪುಟವೇ ತೆರೆಯುವುದಿಲ್ಲ. ಹಾಲಿನಲ್ಲಿದ್ದ ರೂಟರಿನಿಂದ ಅವಳ ಮೇಜಿಗೆ ಒಂದು ನೀಲಿ ವಯರ್ ಎಳೆದರು. ಅದನ್ನು ಸಿಕ್ಕಿಸಿದರೆ ಲ್ಯಾಪ್‌ಟಾಪಿನ ಬದಿಯಲ್ಲಿ ಒಂದು ಸಣ್ಣ ಹಸಿರು ದೀಪ ಮಿಣುಕುತ್ತದೆ. ಮೊದಲ ದಿನ ಅದು ಮಿಣುಕಿದಾಗ ಅವಳ ಮುಖ ಅರಳಿದ್ದನ್ನು ನಾನು ಬಾಗಿಲಿನಿಂದ ನೋಡಿದೆ. ಆ ಕೆಲಸ ಉಳಿದರೆ ಅವಳು ಯಾರ ಮನೆಗೂ ತಲೆ ತಗ್ಗಿಸಿ ಹಿಂದೆ ಹೋಗಬೇಕಾಗಿಲ್ಲ ಎಂಬುದು ಮನೆಯಲ್ಲಿ ಮೂವರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಆಡಿರಲಿಲ್ಲ.

ನಮ್ಮ ಕಡೆ ಗುಡುಗು ಕೇಳಿದರೆ ಜನ ಮೊದಲು ಓಡುವುದು ಪ್ಲಗ್ಗುಗಳ ಕಡೆಗೆ. ಅಕ್ಟೋಬರಿನ ಒಂದು ಸಿಡಿಲಿಗೆ ನಮ್ಮ ಟಿವಿ ಪೆಟ್ಟಿಗೆ ಸುಟ್ಟುಹೋದ ಮೇಲೆ ನಾನು ಮನೆಯಲ್ಲಿ ಕಾನೂನು ಮಾಡಿದ್ದೆ. ಗುಡುಗು ಇರಲಿ ಇಲ್ಲದಿರಲಿ, ಕೆಲಸ ಮುಗಿದ ಕೂಡಲೇ ಎಲ್ಲ ವಯರೂ ತೆಗೆಯಬೇಕು. ಮಗಳು ಅದರಂತೆ ಸಂಜೆ ನೀಲಿ ವಯರನ್ನು ಕಿತ್ತು, ಸುತ್ತಿ, ಕಿಟಕಿಯ ಪಕ್ಕದ ಮೊಳೆಗೆ ತೂಗುಹಾಕುತ್ತಿದ್ದಳು. ಕಡಲ ಕಡೆಯ ಕಿಟಕಿ ಅದು. ಅದರ ತುದಿಯ ತಾಮ್ರದ ಹಲ್ಲುಗಳು ಉಪ್ಪು ಗಾಳಿಗೆ ಬಾಯಿ ತೆರೆದು ನೇತಾಡುವುದನ್ನು ನೋಡಿ ನನ್ನ ಕೈ ಕಡಿಯುತ್ತಿತ್ತು. ಒಂದು ಭಾನುವಾರ ಮಧ್ಯಾಹ್ನ ಅವಳು ಉಡುಪಿಗೆ ಹೋಗಿದ್ದಾಗ ಪುಕ್ಕ ತೆಗೆದುಕೊಂಡು ಹೋಗಿ ಆ ಹಲ್ಲುಗಳಿಗೆ ಚೆನ್ನಾಗಿ ಎಣ್ಣೆ ಸವರಿದೆ. ಲ್ಯಾಪ್‌ಟಾಪಿನ ಚೌಕ ಬಾಯಿಯೊಳಗೂ ಪುಕ್ಕ ಆಡಿಸಿದೆ. ಅವಳಿಗೆ ಹೇಳಲಿಲ್ಲ. ಹೇಳಿದರೆ ಮತ್ತೆ "ಎಂತಕ್ಕೆ" ಎಂದು ಕೇಳುತ್ತಾಳೆ, ಆ ಪ್ರಶ್ನೆ ಇನ್ನೊಮ್ಮೆ ಕೇಳುವ ಶಕ್ತಿ ನನಗಿರಲಿಲ್ಲ. ಆಮೇಲೆ ಹದಿನೈದು ದಿನ ಹಸಿರು ದೀಪ ಸರಿಯಾಗಿಯೇ ಮಿಣುಕಿತು. ನಾನೂ ಎಣ್ಣೆಯ ವಿಷಯ ಮರೆತುಬಿಟ್ಟೆ.

ಡಿಸೆಂಬರ್ ಕೊನೆಯ ಒಂದು ಮಂಗಳವಾರ ಬೆಳಿಗ್ಗೆ ದೀಪ ಬರಲಿಲ್ಲ. ಪರದೆಯಲ್ಲಿ, ವಯರ್ ಸಿಕ್ಕಿಸಿಲ್ಲ ಎಂಬ ಸೂಚನೆ. ಸಿಕ್ಕಿಸಿದ್ದು ಎದುರಿಗೇ ಕಾಣುತ್ತಿದೆ! ಅವಳು ತೆಗೆದಳು, ಹಾಕಿದಳು. ಲ್ಯಾಪ್‌ಟಾಪ್ ಮುಚ್ಚಿ ತೆರೆದಳು. ರೂಟರನ್ನು ಆರಿಸಿ ಹತ್ತಿಸಿದಳು. ಏಳೂವರೆಯಾಯಿತು, ಎಂಟಾಯಿತು. ಹತ್ತು ಗಂಟೆಯ ಹೊತ್ತಿಗೆ, ಯಾರೂ ಏನೂ ಮಾಡದೆ ಇದ್ದಾಗ, ದೀಪ ತಾನಾಗಿ ಬಂತು. ಬುಧವಾರವೂ ಅದೇ ಕಥೆ. ಮಣಿಪಾಲದಿಂದ ಅವಳ ಮೇಲಿನವರ ಫೋನು ಬಂತು. "ಎಂತ ಮೇಡಂ, ಎರಡು ದಿನವೂ ಮೂರು ಮೂರು ಗಂಟೆ ಲೇಟ್?" ಎಂದು ಕೇಳಿದ್ದು ಹಾಲಿನವರೆಗೂ ಕೇಳಿಸಿತು.

ಇಂಟರ್ನೆಟ್‌ನವರಿಗೆ ಹೇಳಿದರೆ ಅವರು ಬಂದದ್ದು ಮಧ್ಯಾಹ್ನ ಎರಡಕ್ಕೆ. ಅಷ್ಟು ಹೊತ್ತಿಗೆ ಹಸಿರು ದೀಪ ನಗುತ್ತಾ ಮಿಣುಕುತ್ತಿತ್ತು.

"ಎಲ್ಲ ಸರಿ ಉಂಟಲ್ಲ ಮಾರಾಯ್ರೆ. ಪ್ರಾಬ್ಲೆಮ್ ಎಲ್ಲಿ ಉಂಟು?"

"ಬೆಳಿಗ್ಗೆ ಬರುವುದಿಲ್ಲ."

"ಬೆಳಿಗ್ಗೆ ಬಾರದ್ದನ್ನು ಮಧ್ಯಾಹ್ನ ಹೇಗೆ ಸರಿಮಾಡುವುದು?"

ಹಾಗಾದರೆ ಬೆಳಿಗ್ಗೆ ಬನ್ನಿ ಎಂದೆ. "ನೋಡುವ" ಎಂದು ಹೋದ. ಆ ಶಬ್ದ ನನಗೆ ಅಷ್ಟು ಕಹಿಯಾಗಿ ಹಿಂದೆಂದೂ ಕೇಳಿಸಿರಲಿಲ್ಲ.

ಕೊನೆಗೆ ನಮ್ಮ ಕೈ ಹಿಡಿದದ್ದು ಪಕ್ಕದ ಮನೆಯ ಬಾಯಿ. ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಹೆಂಗಸು, ನಿಟ್ಟೆಯ ಕಡೆ ಕಂಪ್ಯೂಟರ್ ಲ್ಯಾಬ್ ನೋಡಿಕೊಂಡು ನಿವೃತ್ತರಾದವರು. ನಾವು ಅವರನ್ನು ಬಾಯಿ ಎಂದೇ ಕರೆಯುವುದು. ಕನ್ನಡಕ ಏರಿಸಿ, ಮೇಜಿನ ಎದುರು ಕುಳಿತು, ಅವರು ಒಂದೊಂದೇ ಪರೀಕ್ಷೆ ಮಾಡಿದರು. ರೂಟರಿನ ಬೇರೆ ಬೇರೆ ತೂತುಗಳಿಗೆ ವಯರ್ ಹಾಕಿಸಿದರು. ಲ್ಯಾಪ್‌ಟಾಪಿನೊಳಗೆ ಎಲ್ಲೋ ಹೋಗಿ ಏನೋ ಅಳಿಸಿ ಮತ್ತೆ ಹಾಕಿದರು. ಹೊಸ ವಯರ್ ತನ್ನಿ ಎಂದರು. ಕೊನೆಗೆ ನನ್ನ ಕಡೆ ತಿರುಗಿ, ಡಾಕ್ಟರು ಕೇಳಿದ ಹಾಗೆ ಕೇಳಿದರು.

"ಇದನ್ನು ಮನೆಯಲ್ಲಿ ಯಾರಾದರೂ ಮುಟ್ಟಿದ್ದಾರಾ? ಬೀಳಿಸಿದ್ದು, ನೀರು ತಾಗಿದ್ದು, ಎಂತಾದರೂ?"

"ಇಲ್ಲಪ್ಪ" ಎಂದೆ ನಾನು. ಸುಳ್ಳು ಹೇಳಿದ್ದಲ್ಲ. ಎಣ್ಣೆ ಹಚ್ಚುವುದು ನನ್ನ ಲೆಕ್ಕದಲ್ಲಿ ಮುಟ್ಟುವುದಾಗಿರಲಿಲ್ಲ. ದೇವರಿಗೆ ದೀಪ ಹಚ್ಚಿದವನನ್ನು ಹಿಡಿದು, ಗುಡಿಯಲ್ಲಿ ಏನಾದರೂ ಮುಟ್ಟಿದೆಯಾ ಎಂದು ಕೇಳಿದರೆ ಅವನು ಏನೆನ್ನುತ್ತಾನೆ?

ಗುರುವಾರ ಉಡುಪಿಗೆ ಹೋಗಿ ಹೊಸ ವಯರ್ ತಂದದ್ದು ನಾನೇ. ಹಳೆಯದು ಉಪ್ಪು ಗಾಳಿಗೆ ಹಾಳಾಗಿರಬೇಕು, ಇದಕ್ಕೆ ಹಾಗಾಗದಿರಲಿ ಎಂದು ಬಸ್ಸಿನಲ್ಲಿ ಬರುವಾಗಲೇ ನಿಶ್ಚಯಿಸಿದ್ದೆ. ಮನೆಗೆ ಬಂದವನೇ ಚಪ್ಪಲಿ ಕಳಚಿ ಪುಕ್ಕ ತೆಗೆದೆ. ಈ ಸಲ ಎರಡು ಸುತ್ತು ಸವರಿದೆ. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ. ಶುಕ್ರವಾರ ಬೆಳಿಗ್ಗೆ ಹೊಸ ವಯರಿನಲ್ಲೂ ದೀಪ ಬರಲಿಲ್ಲ. ಮಗಳು ಮೇಜಿನ ಮೇಲೆ ಹಣೆ ಇಟ್ಟು ಕುಳಿತಿದ್ದಳು. ಅವಳ ಬೆನ್ನು ನೋಡಲಾರದೆ ನಾನು ಹಿತ್ತಿಲಿಗೆ ಹೋದೆ.

ಯಾವ ಗಂಟೆಗೆ ಬಂತು, ಯಾವ ಗಂಟೆಗೆ ಹೋಯಿತು ಎಂದು ಬಾಯಿ ಒಂದು ಹಾಳೆಯಲ್ಲಿ ಬರೆಸುತ್ತಿದ್ದರು. ಮಂಗಳವಾರ ಹತ್ತಕ್ಕೆ. ಬುಧವಾರ ಹತ್ತೂ ಕಾಲಿಗೆ. ಗುರುವಾರ ಮಾತ್ರ ಏಳಕ್ಕೇ ಬಂದಿತ್ತು, ಆ ದಿನ ಮೋಡ ಮುಚ್ಚಿ ಬೆಳಗಾಗುವಾಗಲೇ ಸೆಕೆ. ಶುಕ್ರವಾರ ಪುನಃ ಹತ್ತಕ್ಕೆ. ಬಾಯಿ ಆ ಹಾಳೆಯನ್ನು ತುಂಬ ಹೊತ್ತು ನೋಡಿದರು. "ಇದು ಗಂಟೆ ನೋಡಿ ಕೆಲಸ ಮಾಡುವ ಸರ್ಕಾರಿ ಆಫೀಸಿನ ಹಾಗೆ ಉಂಟು," ಎಂದರು. ಮಗಳು ನಗಲಿಲ್ಲ.

ಶುಕ್ರವಾರವೇ ಮಣಿಪಾಲದಿಂದ ಕೊನೆಯ ಮಾತು ಬಂತು. ಶನಿವಾರ ಲ್ಯಾಪ್‌ಟಾಪ್ ತಂದು ತೋರಿಸಿ, ಸೋಮವಾರ ಏಳಕ್ಕೆ ಕೆಲಸ ತೆರೆಯದಿದ್ದರೆ ಯಂತ್ರ ಒಪ್ಪಿಸಿಬಿಡಿ. ಶನಿವಾರ ಮಧ್ಯಾಹ್ನ ಅಪ್ಪ ಮಗಳು ಇಬ್ಬರೂ ಬಸ್ಸಿನಲ್ಲಿ ಹೋದೆವು. ತೊಡೆಯ ಮೇಲೆ ಅದನ್ನು ಮಗುವಿನ ಹಾಗೆ ಹಿಡಿದು ಕುಳಿತಿದ್ದಳು. ಅಲ್ಲಿ ಅವರ ವಯರ್ ಹಾಕಿದ ತಕ್ಷಣ ದೀಪ ಬಂತು. "ಯಂತ್ರ ಸರಿ ಉಂಟು. ತೊಂದರೆ ನಿಮ್ಮ ಮನೆಯಲ್ಲಿ," ಎಂದರು. ಹಿಂದೆ ಬರುವಾಗ ಅವಳು ದಾರಿಯುದ್ದಕ್ಕೂ ಕಿಟಕಿಯ ಹೊರಗೇ ನೋಡುತ್ತಿದ್ದಳು. ಕಟಪಾಡಿ ದಾಟಿದ ಮೇಲೆ ಒಮ್ಮೆ ಮಾತ್ರ, "ತೊಂದರೆ ಮನೆಯಲ್ಲೇ ಅಂತೆ ಪಪ್ಪ," ಎಂದಳು. ನಾನು ಹೂಂ ಎಂದೆ. ಅವಳು ಯಾವ ಅರ್ಥದಲ್ಲಿ ಹೇಳಿದಳೆಂದು ಯೋಚಿಸಿ ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಭಾನುವಾರ ಆ ಸೋದರಮಾವ ಮತ್ತೆ ಬಂದರು. ಕೆಲಸದ ತೊಂದರೆ ಅವರ ಕಿವಿಗೂ ಬಿದ್ದಿತ್ತು. ಹೇಗೆ ಬಿತ್ತೋ ಗೊತ್ತಿಲ್ಲ, ಕಾಪುವಿನಲ್ಲಿ ಸೀನಿದರೆ ಕಾರ್ಕಳದಲ್ಲಿ ಕೇಳುತ್ತದೆ. "ಆ ಕೆಲಸವೂ ಹೋಗ್ತದಂತಲ್ಲ. ಇನ್ನು ಎಂತ ನೋಡುವುದು? ಈ ವಾರ ಬಂದು ಕರೆದುಕೊಂಡು ಹೋಗಲಾ?" ಎಂದು ಕೇಳಿದರು. ಅವರ ಎದುರು ಹಲಸಿನ ಹಪ್ಪಳ, ಚಹಾ ಇತ್ತು. ಇಷ್ಟು ದೂರದಿಂದ ಬಂದ ಹಿರಿಯರು. ನನ್ನ ನಾಲಗೆಗೆ ಬಂದದ್ದು ಅದೇ ಹಳೆಯ ಶಬ್ದ. "ನೋಡುವ," ಎಂದೆ. ಒಳಗೆ ಕಿಟಕಿ ಕಿರುಚುತ್ತಾ ಮುಚ್ಚಿಕೊಂಡಿತು.

ಸೋಮವಾರ ನಾನು ಐದೂವರೆಗೇ ಎದ್ದೆ. ಹಿಂದಿನ ವಾರ ಶುರುವಾದ ಮೂಡಣದ ಗಾಳಿ ಬೀಸುತ್ತಿತ್ತು, ಕಾಪುವಿಗೆ ಅಪರೂಪದ ಚಳಿ. ವಾರಕ್ಕೊಮ್ಮೆ, ಸೋಮವಾರ, ಸ್ನಾನಕ್ಕೆ ಮೊದಲು ತಲೆಗೆ ಎಣ್ಣೆ ಹಾಕುವುದು ನನ್ನ ರೂಢಿ. ಬಾಟ್ಲಿ ಬಗ್ಗಿಸಿದೆ, ಎಣ್ಣೆ ಬರಲಿಲ್ಲ. ಅಲುಗಾಡಿಸಿದೆ. ಒಳಗೆ ಬೆಳ್ಳಗೆ ಗಟ್ಟಿಯಾಗಿ ಕುಳಿತಿತ್ತು.

ಹೆಂಡತಿ ಅಷ್ಟು ಹೊತ್ತಿಗೇ ಹೊಲಿಗೆ ಮೆಷಿನಿನ ಎದುರು ಕುಳಿತಿದ್ದಳು. ಅವಳು ಮೂವತ್ತು ವರ್ಷದಿಂದ ರವಕೆ ಹೊಲಿಯುವವಳು. "ಬಿಸಿನೀರಲ್ಲಿ ಇಡಿ, ಕರಗ್ತದೆ," ಎಂದಳು ತಲೆ ಎತ್ತದೆ. "ಇಲ್ಲದಿದ್ದರೆ ಹತ್ತು ಗಂಟೆಯವರೆಗೆ ಕಾಯಿರಿ, ಬಿಸಿಲಿಗೆ ತಾನೇ ಕರಗ್ತದೆ. ಇದಕ್ಕೇ ನಾನು ನನ್ನ ಮೆಷಿನಿಗೆ ನಿಮ್ಮ ತೆಂಗಿನೆಣ್ಣೆ ಮುಟ್ಟಿಸಲು ಬಿಡದ್ದು. ಚಳಿಗೆ ಒಳಗೇ ಗಟ್ಟಿಯಾಗಿ ಕೂತರೆ ಚಕ್ರ ತಿರುಗುವುದಿಲ್ಲ."

ಹತ್ತು ಗಂಟೆ. ಆ ಶಬ್ದ ಕೇಳಿದ್ದೇ ತಡ, ಬಾಟ್ಲಿಯನ್ನು ಕೆಳಗಿಟ್ಟೆ. ಬಾಯಿ ಬರೆಸಿದ ಹಾಳೆ ಕಣ್ಣಮುಂದೆ ಬಂತು. ಹತ್ತು, ಹತ್ತೂ ಕಾಲು, ಸೆಕೆಯಿದ್ದ ದಿನ ಏಳು, ಮತ್ತೆ ಹತ್ತು. ಕಂಕುಳಲ್ಲಿ ಕೂಸನ್ನು ಇಟ್ಟುಕೊಂಡು ಊರೆಲ್ಲ ಹುಡುಕಿದ್ದೆ. ಉಡುಪಿಗೆ ಹೋಗಿದ್ದೆ, ಮಣಿಪಾಲಕ್ಕೆ ಹೋಗಿದ್ದೆ, ಇಂಟರ್ನೆಟ್‌ನವನನ್ನು ಬೈದಿದ್ದೆ. ವಾರವಿಡೀ ಮಗಳ ಅನ್ನಕ್ಕೆ ಕಲ್ಲು ಹಾಕಿದ್ದು ನನ್ನದೇ ಕೈ.

ಸೊಂಟಕ್ಕೆ ಸುತ್ತಿದ ಟವಲಿನಲ್ಲೇ ಮಗಳ ಕೋಣೆಗೆ ಹೋದೆ. ಆರೂ ಕಾಲು. ಅವಳು ವಯರ್ ಸಿಕ್ಕಿಸಿ, ಬಾರದ ದೀಪವನ್ನು ನೋಡುತ್ತ ಕುಳಿತಿದ್ದಳು. ಯಂತ್ರ ಒಪ್ಪಿಸುವುದಕ್ಕಾಗಿ ಅದರ ಚೀಲವನ್ನು ಆಗಲೇ ಮೇಜಿನ ಮೇಲೆ ಇಟ್ಟುಕೊಂಡಿದ್ದಳು.

"ಮಗಾ, ಅದಕ್ಕೆ ಎಣ್ಣೆ ಹಚ್ಚಿದ್ದೇನೆ ನಾನು," ಎಂದೆ. "ಎರಡೂ ವಯರಿಗೆ. ಆ ತೂತಿಗೂ. ಚಳಿಗೆ ಗಟ್ಟಿಯಾಗಿದೆ. ಅದಕ್ಕೇ ಬರುವುದಿಲ್ಲ."

ಅವಳು ನಿಧಾನಕ್ಕೆ ತಿರುಗಿದಳು. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಅವಳು ಬೈಯಲಿಲ್ಲ. ಕಣ್ಣು ತುಂಬಿಕೊಂಡು, ಸಣ್ಣ ದನಿಯಲ್ಲಿ ಕೇಳಿದಳು.

"ಯಾಕೆ ಪಪ್ಪ? ನಾನು ಹೋಗಲಿ ಅಂತಲಾ?"

ಹುಟ್ಟಿದಂದಿನಿಂದ ಅವಳನ್ನು ಕ್ಯಾಲೆಂಡರಿನಲ್ಲಿ, ಫೋಟೋದಲ್ಲಿ, ಫೋನಿನಲ್ಲಿ ಸಾಕಿದವನು ನಾನು. ಎರಡು ವರ್ಷಕ್ಕೊಮ್ಮೆ ಬರುವಾಗ ಅವಳು ಗೋಡೆಯ ಬದಿಗೆ ನಿಂತು, ಇವರು ಯಾರು ಎಂಬ ಹಾಗೆ ನೋಡುತ್ತಿದ್ದಳು. ನಾನು ಊರಿಗೆ ಬಂದ ಮೇಲೆ ಐದು ವರ್ಷ ಒಂದೇ ಮನೆಯಲ್ಲಿದ್ದೆವು, ಆಮೇಲೆ ಮದುವೆ ಮಾಡಿ ಕಳಿಸಿದೆ. ಅವಳು ಆ ಒಂದು ಚೀಲ ಹಿಡಿದು ಗೇಟು ತೆರೆದ ಸಂಜೆ ನನಗೆ ಹೆದರಿಕೆಯ ಜೊತೆಗೆ ಸಂತೋಷವೂ ಆಗಿತ್ತು. ಆ ಸಂತೋಷಕ್ಕೆ ನನಗೇ ನಾಚಿಕೆಯಾಗಿ ಯಾರಿಗೂ ಹೇಳಿರಲಿಲ್ಲ. ಹೋಗಲಿ ಅಂತಲಾ ಎಂದು ಕೇಳುತ್ತಾಳಲ್ಲ!

ಉತ್ತರ ಬಂದದ್ದು ನನ್ನ ಬೆನ್ನ ಹಿಂದಿನಿಂದ. ಹೆಂಡತಿ ಇಸ್ತ್ರಿಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಹೋಗುವವರ ಸಾಮಾನಿಗೆ ನಿನ್ನ ಅಪ್ಪ ಯಾವತ್ತಾದರೂ ಎಣ್ಣೆ ಹಚ್ಚಿದ್ದುಂಟಾ?" ಎಂದಳು. "ಆ ಗಲ್ಫಿನ ಕೋಣೆಯ ಬಾಗಿಲಿನ ಕಥೆ ನೂರು ಸಲ ಹೇಳಿದ್ದಾರೆ. ನೀನು ಇಲ್ಲೇ ಇರಬೇಕು, ಈ ವಯರು ಹತ್ತು ವರ್ಷ ಬರಬೇಕು ಅಂತ ಹಚ್ಚಿದ್ದು. ಬುದ್ಧಿ ಇಲ್ಲ, ಅಷ್ಟೇ. ಈಗ ಇಬ್ಬರೂ ಬದಿಗೆ ಸರಿಯಿರಿ, ಗಂಟೆ ಆಯ್ತು."

ಅವಳು ಗೋಡೆಯಾಚೆ ಕೂಗಿ ಬಾಯಿಯನ್ನು ಎಬ್ಬಿಸಿದಳು. ಬಾಯಿ ನೈಟಿಯ ಮೇಲೆ ಶಾಲು ಹೊದ್ದು ತಮ್ಮ ಮನೆಯ ವಯರ್ ಹಿಡಿದೇ ಬಂದರು. ವಿಷಯ ಕೇಳಿ ಹಣೆ ಹಣೆ ಬಡಿದುಕೊಂಡರು. "ಮುಟ್ಟಿದ್ದೀರಾ ಅಂತ ಕೇಳಿದ್ದೆ ಅಲ್ವಾ ನಾನು?" ಎಂದರು. ಲ್ಯಾಪ್‌ಟಾಪನ್ನು ಪೂರ್ತಿ ಆರಿಸಿ, ಚಾರ್ಜರಿನ ವಯರನ್ನೂ ತೆಗೆಸಿದರು. ಹೆಂಡತಿ ಇಸ್ತ್ರಿಪೆಟ್ಟಿಗೆಯಲ್ಲಿ ಒಂದು ಬಟ್ಟೆ ಬಿಸಿ ಮಾಡಿ ಆ ಚೌಕ ಬಾಯಿಯ ಹೊರಗೆ ಒತ್ತಿ ಹಿಡಿದಳು, ತಣ್ಣಗಾದಾಗ ಇನ್ನೊಂದು. ನನ್ನ ಇನ್ಸುಲಿನ್ ಸೂಜಿಗೆಂದು ಇಟ್ಟ ಸ್ಪಿರಿಟ್ಟಿನಲ್ಲಿ ನಯವಾದ ಬಟ್ಟೆ ತುಂಡು ಅದ್ದಿ, ಹಲ್ಲುಕಡ್ಡಿಗೆ ಸುತ್ತಿ, ಆ ತೂತಿನೊಳಗಿನ ಒಂದೊಂದೇ ತಾಮ್ರದ ಹಲ್ಲನ್ನು ಬಾಯಿಯೇ ಒರೆಸಿದರು. ಬಟ್ಟೆ ತುಂಡುಗಳು ಜಿಡ್ಡಾಗಿ ಹೊರಬಂದವು. ಒಂದರಲ್ಲಿ ಕೋಳಿಯ ಪುಕ್ಕದ ಎಳೆಯೂ ಇತ್ತು. ನಾನು ಟವಲಿನಲ್ಲೇ ಚಳಿಗೆ ನಡುಗುತ್ತ ಟಾರ್ಚು ಹಿಡಿದು ನಿಂತಿದ್ದೆ. ನನಗೆ ಬೇರೆ ಕೆಲಸ ಕೊಡಲು ಯಾರಿಗೂ ಧೈರ್ಯವಿರಲಿಲ್ಲ.

ಸ್ಪಿರಿಟ್ಟು ಆರಲಿ ಎಂದು ಹತ್ತು ನಿಮಿಷ ಕಾದೆವು. ಆ ಹತ್ತು ನಿಮಿಷ ಕಳೆಯುವಷ್ಟರಲ್ಲಿ ನನ್ನ ಆಯುಷ್ಯದ ಎರಡು ವರ್ಷ ಕಳೆಯಿತು. ಆರು ಐವತ್ತಮೂರಕ್ಕೆ ಮಗಳು ಬಾಯಿಯ ವಯರನ್ನು ಸಿಕ್ಕಿಸಿದಳು. ಹಸಿರು ದೀಪ ಒಮ್ಮೆ ಮಿಣುಕಿತು, ನಿಂತಿತು, ಮತ್ತೆ ಮಿಣುಕತೊಡಗಿತು. ಕೆಲಸದ ಪುಟ ತೆರೆಯಿತು. ಅವಳು ಕಣ್ಣೊರೆಸಿಕೊಂಡು, ಬೆನ್ನು ನೆಟ್ಟಗೆ ಮಾಡಿ ಕುಳಿತಳು. ನಾವು ಮೂವರು ಮುದುಕರು ಕಳ್ಳರ ಹಾಗೆ ತುದಿಗಾಲಿನಲ್ಲಿ ಹೊರಬಂದೆವು.

ತಿಂಡಿ ಮುಗಿಸಿ ನಾನು ಕಾರ್ಕಳಕ್ಕೆ ಫೋನು ಮಾಡಿದೆ. ಹಾಲಿನಲ್ಲೇ ಕುಳಿತು, ಮಗಳ ಕೋಣೆಗೆ ಕೇಳುವಷ್ಟು ಗಟ್ಟಿಯಾಗಿ ಮಾತಾಡಿದೆ. ಹಿರಿಯರು ಹೇಗಿದ್ದೀರಿ ಎಂದು ಕೇಳಿದರು, ಚಳಿ ಜೋರು ಎಂದರು. ನಾನೂ ಹೌದು ಎಂದೆ. ಆಮೇಲೆ ಹೇಳಿದೆ.

"ನಿನ್ನೆ ನಾನು ನೋಡುವ ಅಂದಿದ್ದೆ. ಅದು ತಪ್ಪಾಯ್ತು. ನೋಡುವುದು ಎಂತದೂ ಇಲ್ಲ. ಮಗಳು ಅಲ್ಲಿಗೆ ಬರುವುದಿಲ್ಲ."

ಅವರಿಗೂ ಯಾರೂ ಹೀಗೆ ಮುಖಕ್ಕೆ ಹೇಳಿರಲಿಕ್ಕಿಲ್ಲ. "ನೀವು ಹೇಳಿದ ಮೇಲೆ ಮುಗೀತು," ಎಂದು ಫೋನು ಇಟ್ಟರು. ಅರುವತ್ತು ದಾಟಿದ ಮೇಲೆ ಮೊದಲ ಸಲ ಒಬ್ಬರಿಗೆ ಇಲ್ಲ ಎಂದಿದ್ದೆ. ಆಕಾಶ ಬೀಳಲಿಲ್ಲ. ಕೋಣೆಯೊಳಗೆ ಕೀಲಿಮಣೆಯ ಸದ್ದು ಒಂದು ಕ್ಷಣ ನಿಂತು, ಮತ್ತೆ ಶುರುವಾಯಿತು.

ಸಂಜೆ ಕೆಲಸ ಮುಗಿದ ಮೇಲೆ ಅವಳು ವಯರ್ ತೆಗೆದು, ಒಂದು ಪ್ಲಾಸ್ಟಿಕ್ ಡಬ್ಬದಲ್ಲಿ ಹಾಕಿ ಮುಚ್ಚಳ ಒತ್ತಿದಳು. ಉಪ್ಪು ಗಾಳಿ ತಾಗದ ಹಾಗೆ, ನನ್ನ ಕೈಯೂ ತಾಗದ ಹಾಗೆ. ನಾನು ಜಗಲಿಯಲ್ಲಿ ಪೇಪರು ಹಿಡಿದು, ಓದುವವನಂತೆ ಕುಳಿತಿದ್ದೆ. ಇನ್ನು ಎಣ್ಣೆಯ ಬಾಟ್ಲಿ ಮುಟ್ಟುವುದಿಲ್ಲ ಎಂದು ಬೆಳಿಗ್ಗೆಯೇ ಆಣೆ ಮಾಡಿಯಾಗಿತ್ತು.

ಅವಳು ಬಂದು ಎದುರಿಗೆ ನಿಂತಳು. ಒಂದು ಕೈಯಲ್ಲಿ ಬಾಟ್ಲಿ, ಇನ್ನೊಂದರಲ್ಲಿ ಪುಕ್ಕ. ಬಾಟ್ಲಿಯನ್ನು ದಿನವಿಡೀ ಬಿಸಿಲಿಗೆ ಇಟ್ಟಿದ್ದಳೆಂದು ಕಾಣುತ್ತದೆ, ಎಣ್ಣೆ ತಿಳಿಯಾಗಿ ಕರಗಿತ್ತು.

"ಪಪ್ಪ," ಎಂದಳು, "ನನ್ನ ಕೋಣೆಯ ಕಿಟಕಿಗೆ ಸ್ವಲ್ಪ ಎಣ್ಣೆ ಹಾಕಿ ಕೊಡ್ತೀರಾ?"